ಮುಟ್ಟಿದ ಕೂಡಲೇ ಫೋನು ಮಾಡು

(ಆಕಾಶವಾಣಿಯಲ್ಲಿ ಪ್ರಸಾರವಾದ ಭಾಷಣ)

ಊರು ಬಿಟ್ಟು ಹೊರಟವರಿಗೆ ನಮ್ಮ ಕಡೆಯ ಹಿರಿಯರು ಹೇಳುತ್ತಿದ್ದ ಕೊನೆಯ ಮಾತು ಒಂದೇ: “ಮುಟ್ಟಿದ ಕೂಡಲೇ ಪತ್ರಾ ಹಾಕು.” ರೋಣ ತಾಲೂಕಿನ ಅಸೂಟಿಯಲ್ಲಿ ನಾನು ಬೆಳೆದ ಕಾಲದಲ್ಲಿ ಧಾರವಾಡಕ್ಕೆ ಓದಲು ಹೊರಟ ಹುಡುಗನಿಗೂ ಇದೇ ಮಾತು, ಮುಂಬಯಿಗೆ ನೌಕರಿ ಹುಡುಕಿಕೊಂಡು ಹೊರಟವನಿಗೂ ಇದೇ ಮಾತು. ಪತ್ರ ಬಂದು ಸೇರುವುದರೊಳಗೆ ಹೋದವನು ಒಮ್ಮೊಮ್ಮೆ ತಾನೇ ತಿರುಗಿ ಬಂದಿರುತ್ತಿದ್ದ. ಆದರೂ ಹೇಳುವವರು ಹೇಳುವುದನ್ನು ಬಿಡಲಿಲ್ಲ, ಕೇಳುವವರು ತಲೆಯಾಡಿಸುವುದನ್ನು ಬಿಡಲಿಲ್ಲ. ಇಂದು ಆ ಮಾತಿನಲ್ಲಿ ಪತ್ರದ ಸ್ಥಾನಕ್ಕೆ ಫೋನು ಬಂದಿದೆ. ಉಳಿದುದೆಲ್ಲ ಹಾಗೆಯೇ ಇದೆ. ಆದರೆ ಪರದೇಶಕ್ಕೆ ಹೋದವನು ಮುಟ್ಟಿದ ಕೂಡಲೇ ಯಾವ ಫೋನಿನಿಂದ, ಯಾವ ನಂಬರಿನಿಂದ, ಯಾವ ದರದಲ್ಲಿ ಮಾತನಾಡಬೇಕೆಂಬುದು ಈಗ ಒಂದು ಸಣ್ಣ ಶಾಸ್ತ್ರವೇ ಆಗಿದೆ. ಆ ಶಾಸ್ತ್ರವನ್ನು ನಾನು ಕಲಿತದ್ದು ತಪ್ಪು ಮಾಡಿ.

ದೂರದೇಶಕ್ಕೆ ಮಾತನಾಡುವುದು ನಮ್ಮ ಯೌವನದಲ್ಲಿ ಅಪರೂಪದ ಸಂಗತಿಯಾಗಿತ್ತು. ದೇಶದೊಳಗಿನ ಟ್ರಂಕ್ ಕಾಲಿಗೇ ಹೆಸರು ಬರೆಸಿ ಗಂಟೆಗಟ್ಟಲೆ ಕಾಯಬೇಕಾಗಿದ್ದ ದಿನಗಳವು. ಮುಂಬಯಿಯಿಂದ ಲಂಡನ್ನಿಗೆ ನೇರವಾಗಿ ನಂಬರು ತಿರುಗಿಸುವ ಸೌಕರ್ಯ ಬಂದದ್ದು ೧೯೭೬ರಲ್ಲಿ. ೧೯೮೬ರಲ್ಲಿ ಹುಟ್ಟಿದ ವಿದೇಶ ಸಂಚಾರ ನಿಗಮದ ಕೈಯಲ್ಲಿಯೇ ಹೊರದೇಶದ ಕರೆಗಳೆಲ್ಲ ಇದ್ದವು. ಆ ಏಕಸ್ವಾಮ್ಯ ಮುಗಿದದ್ದು ೨೦೦೨ರ ಏಪ್ರಿಲ್‌ನಲ್ಲಿ. ನಡುವಿನ ಕಾಲವನ್ನು ಆಳಿದವು ಹಳದಿ ಫಲಕದ ಎಸ್.ಟಿ.ಡಿ. ಬೂತುಗಳು. ಗಾಜಿನ ಪೆಟ್ಟಿಗೆಯೊಳಗೆ ನಿಂತು ಮಾತನಾಡುವಾಗ ಎದುರಿನ ಯಂತ್ರದಲ್ಲಿ ಕೆಂಪು ಅಂಕಿಗಳು ಏರುತ್ತಿದ್ದವು. ಕಣ್ಣು ಅಂಕಿಯ ಮೇಲೆ, ಬಾಯಿ ಫೋನಿನ ಮೇಲೆ. ದೂರ ಹೆಚ್ಚಾದಷ್ಟೂ ದನಿಯನ್ನು ಎತ್ತರಿಸಬೇಕೆಂದು ಎಲ್ಲರೂ ನಂಬಿದ್ದರಿಂದ, ಒಳಗಿನವನ ಸಂಸಾರದ ಗುಟ್ಟು ಹೊರಗೆ ಸರದಿಯಲ್ಲಿ ನಿಂತವರಿಗೆಲ್ಲ ತಿಳಿಯುತ್ತಿತ್ತು. ಆದರೆ ಆ ಕೆಂಪು ಅಂಕಿಗೆ ಒಂದು ದೊಡ್ಡ ಗುಣವಿತ್ತು. ಖರ್ಚು ಎಷ್ಟಾಯಿತೆಂಬುದು ಆಯಾ ಕ್ಷಣದಲ್ಲಿಯೇ ಕಣ್ಣಿಗೆ ಕಾಣುತ್ತಿತ್ತು. ಇಂದಿನ ಫೋನಿನಲ್ಲಿ ಮಾತು ಮುಂದೆ ಹೋಗುತ್ತದೆ, ಲೆಕ್ಕ ಹಿಂದಿನಿಂದ ಬರುತ್ತದೆ.

೨೦೨೩ರ ಮೇ ತಿಂಗಳಲ್ಲಿ ಮಗಳ ಬಾಣಂತನಕ್ಕೆಂದು ನಾನೂ ನನ್ನ ಹೆಂಡತಿಯೂ ಅಮೆರಿಕದ ನ್ಯೂಜೆರ್ಸಿಗೆ ಹೊರಟೆವು. ನಮ್ಮ ವಯಸ್ಸಿನವರಿಗೆ ಇದೊಂದು ಹೊಸ ಬಗೆಯ ತೀರ್ಥಯಾತ್ರೆ. ಅಂಟಿನ ಉಂಡಿ, ಗುರೆಳ್ಳು ಚಟ್ನಿ, ಖಡಕ್ ರೊಟ್ಟಿ ಎಲ್ಲವನ್ನೂ ತೂಗಿ ತೂಗಿ ಪೆಟ್ಟಿಗೆ ತುಂಬಿದೆವು. ಫೋನಿನ ವಿಚಾರ ಮಾತ್ರ ಹೊರಡುವ ದಿನದವರೆಗೂ ಹಾಗೆಯೇ ಉಳಿಯಿತು. ಎಂಬತ್ತು ದಾಟಿದ ಅವ್ವ ಅಸೂಟಿಯಲ್ಲಿಯೇ ಇದ್ದಳು. ನಾವು ಗದಗಿನಲ್ಲಿ ಮನೆ ಮಾಡಿ ಎಷ್ಟೋ ವರ್ಷಗಳಾದರೂ ಅವಳು ಊರ ಮನೆಯನ್ನು ಬಿಟ್ಟು ಬರಲೊಲ್ಲಳು. ಅವಳ ಎಲೆಯಡಿಕೆಯ ಚಂಚಿಯಲ್ಲಿ ಗುಂಡಿಗಳಿರುವ ಒಂದು ಸಣ್ಣ ಫೋನು. ಅಕ್ಷರ ಬಾರದ ಅವ್ವನಿಗೆ ಆ ಫೋನಿನಲ್ಲಿ ತಿಳಿದಿದ್ದುದು ಎರಡೇ ಕೆಲಸ: ರಿಂಗಾದರೆ ಹಸಿರು ಗುಂಡಿ ಒತ್ತುವುದು, ನಾನು ಬೇಕಾದರೆ ಎರಡರ ಗುಂಡಿಯನ್ನು ಒತ್ತಿ ಹಿಡಿಯುವುದು. ಹೊರಡುವಾಗ ಅವಳು ಹೇಳಿದ ಮಾತೂ ಅದೇ, “ಮುಟ್ಟಿದ ಕೂಡಲೇ ಫೋನ್ ಮಾಡು.”

ಹೊರದೇಶಕ್ಕೆ ಹೋದಾಗ ನಮ್ಮ ಭಾರತದ ನಂಬರೇ ಅಲ್ಲಿಯೂ ನಡೆಯುವುದಕ್ಕೆ ರೋಮಿಂಗ್ ಎನ್ನುತ್ತಾರೆ. ಇದನ್ನು ನಮ್ಮೂರ ಭಾಷೆಯಲ್ಲಿ ಹೇಳುವುದಾದರೆ ಬೀಗರ ಊರಿನ ಅಂಗಡಿಯಲ್ಲಿ ಉದ್ರಿ ತಂದಂತೆ. ಆ ಅಂಗಡಿಯವನಿಗೆ ನಮ್ಮ ಮುಖ ಗೊತ್ತಿಲ್ಲ. ನಮ್ಮೂರ ಅಂಗಡಿಯವನ ಹೆಸರು ಗೊತ್ತು. ಸಾಮಾನು ಕೊಟ್ಟು, ಲೆಕ್ಕವನ್ನು ನಮ್ಮೂರ ಅಂಗಡಿಯವನಿಗೆ ಕಳಿಸುತ್ತಾನೆ. ನಮ್ಮವನು ಅದರ ಮೇಲೆ ತನ್ನದೊಂದಿಷ್ಟು ಇಟ್ಟು ನಮ್ಮ ಖಾತೆಗೆ ಬರೆಯುತ್ತಾನೆ. ಸರಿಯಾದ ಪ್ಯಾಕನ್ನು ಮೊದಲೇ ಕೊಂಡಿದ್ದರೆ ಇಷ್ಟು ದಿನಕ್ಕೆ ಇಷ್ಟು ಮಾತು, ಇಷ್ಟು ಡೇಟಾ ಎಂದು ಕಟ್ಟುಗುತ್ತಿಗೆಯಾಗುತ್ತದೆ. ಕೊಳ್ಳದೆ ಹೋದರೆ ಬಿಡಿ ದರ. ಆ ದರ ಕೇಳಿದರೆ ಬಾಯಿ ಕಟ್ಟುತ್ತದೆ.

ಇದರಲ್ಲಿ ನಮ್ಮ ಜನಕ್ಕೆ ಅರ್ಥವಾಗದಿರುವುದು ಒಳಬರುವ ಕರೆಗೆ ಏಕೆ ಹಣ ಎಂಬುದು. ನಮ್ಮ ದೇಶದಲ್ಲಿ ೨೦೦೩ರಿಂದ ಒಳಬರುವ ಕರೆ ಉಚಿತವಾಯಿತು. ಅಲ್ಲಿಂದ ಅದು ಗಾಳಿ ಬೆಳಕಿನಷ್ಟು ಸಹಜವೆಂದು ನಾವು ತಿಳಿದಿದ್ದೇವೆ. ಆದರೆ ಅಸೂಟಿಯಿಂದ ಅವ್ವ ನನ್ನ ನಂಬರಿಗೆ ಕರೆ ಮಾಡಿದಾಗ, ನಾನು ಗದಗಿನಲ್ಲಿದ್ದೇನೋ ನ್ಯೂಜೆರ್ಸಿಯಲ್ಲಿದ್ದೇನೋ ಅವಳಿಗೆ ತಿಳಿಯದು, ತಿಳಿಯಬೇಕಾಗಿಯೂ ಇಲ್ಲ. ಅವಳು ಕೊಡುವುದು ಊರೊಳಗಿನ ದರವನ್ನೇ. ಕರೆ ಮೊದಲು ನಮ್ಮ ಭಾರತದ ಕಂಪನಿಗೆ ಬಂದು, ನಾನಿರುವ ಸ್ಥಳ ವಿಚಾರಿಸಿಕೊಂಡು, ಅಲ್ಲಿಂದ ಸಮುದ್ರ ದಾಟುತ್ತದೆ. ಆ ಎರಡನೆಯ ಪ್ರಯಾಣದ ಟಿಕೆಟ್ಟು ನನ್ನ ಪಾಲಿನದು. ಊರು ಬಿಟ್ಟು ಬಂದವನು ನಾನು, ದೂರದ ಬಾಡಿಗೆಯೂ ನನ್ನದೇ. ನ್ಯಾಯವಾಗಿ ನೋಡಿದರೆ ಇದರಲ್ಲಿ ತಕರಾರಿಗೆ ಎಡೆಯಿಲ್ಲ.

ಎರಡನೆಯ ದಾರಿ, ಹೋದ ದೇಶದಲ್ಲಿಯೇ ಹೊಸ ಸಿಮ್ ಕೊಳ್ಳುವುದು. ತಿಂಗಳುಗಟ್ಟಲೆ ಇರುವವರಿಗೆ ಬಹುಮಟ್ಟಿಗೆ ಇದೇ ಅಗ್ಗ. ಮೂರನೆಯದು ಇ-ಸಿಮ್, ಕೈಗೆ ಸಿಕ್ಕುವ ಚೀಟಿಯೇ ಇಲ್ಲ, ಮನೆಯಲ್ಲಿ ಕುಳಿತೇ ಕೊಂಡು ಫೋನಿನೊಳಕ್ಕೆ ಇಳಿಸಿಕೊಳ್ಳಬಹುದು. ಆದರೆ ಪ್ರವಾಸಿಗರಿಗೆ ಮಾರುವ ಎಷ್ಟೋ ಇ-ಸಿಮ್‌ಗಳಲ್ಲಿ ಡೇಟಾ ಮಾತ್ರವಿರುತ್ತದೆ, ಫೋನ್ ನಂಬರೇ ಇರುವುದಿಲ್ಲ. ಎಲ್ಲರ ಬಳಿಯೂ ವಾಟ್ಸಾಪ್ ಇರುವ ಮನೆಯವರಿಗೆ ಅದು ಸಾಕು. ಚಂಚಿಯಲ್ಲಿ ಗುಂಡಿ ಫೋನಿರುವ ಅವ್ವನ ಮಗನಿಗೆ ಸಾಲದು.

ನನ್ನ ತಪ್ಪು ಶುರುವಾದದ್ದು ದಾರಿಯ ನಡುವೆ. ಹೊರಡುವ ಮುನ್ನ ನಾನೇ ಹೇಳಿ ರೋಮಿಂಗ್ ತೆರೆಸಿಟ್ಟಿದ್ದೆ. ಪ್ಯಾಕು ಕೊಂಡಿರಲಿಲ್ಲ, ಹೇಗೂ ಅಲ್ಲಿ ಸಿಮ್ ಕೊಳ್ಳುವವರಲ್ಲವೇ ಎಂದು. ವಿಮಾನ ಬದಲಿಸಲು ಕೊಲ್ಲಿಯ ಒಂದು ನಿಲ್ದಾಣದಲ್ಲಿ ಇಳಿದಾಗ ‘ಇಲ್ಲಿಯವರೆಗೆ ಬಂದೆವು’ ಎಂದು ಮಗಳಿಗೆ ಒಂದು ಸಾಲು ಕಳಿಸಲು ಫೋನು ತೆರೆದೆ. ಹೋಗಬೇಕಾದದ್ದು ಒಂದು ಸಾಲು. ಆದರೆ ಫೋನು ತಾನೇ ಬುದ್ಧಿವಂತನಾಗಿ ಹಿಂದಿನ ವಾರ ತೆಗೆದ ಚಿತ್ರಗಳನ್ನೆಲ್ಲ ಎಲ್ಲಿಯೋ ಭದ್ರವಾಗಿಡುವ ಕೆಲಸಕ್ಕೆ ತೊಡಗಿತು. ಚಹ ಕುಡಿದು ಮುಗಿಸುವಷ್ಟರಲ್ಲಿ ಎಚ್ಚರಿಕೆಯ ಸಂದೇಶ ಬಂದಿತು: ಎರಡು ಸಾವಿರ ರೂಪಾಯಿಗೆ ಮೇಲೆ ಖರ್ಚಾಗಿದೆ. ಅಮೆರಿಕದ ಪ್ಯಾಕು ಕೊಂಡಿದ್ದರೂ ಇದು ತಪ್ಪುತ್ತಿರಲಿಲ್ಲ. ಒಂದು ದೇಶಕ್ಕೆಂದು ಕೊಂಡ ಪ್ಯಾಕು ನಡುದಾರಿಯ ದೇಶದಲ್ಲಿ ನಡೆಯುವುದಿಲ್ಲ; ಅದರ ಪಟ್ಟಿಯಲ್ಲಿ ಆ ದೇಶದ ಹೆಸರೂ ಇರಬೇಕು. ಹಾರುವ ವಿಮಾನದಲ್ಲಿ, ಸಮುದ್ರದ ಹಡಗಿನಲ್ಲಿ ಉಪಗ್ರಹದ ಮೂಲಕ ಸಿಕ್ಕುವ ಜಾಲಗಳು ಇನ್ನೂ ತುಟ್ಟಿ. ಹೊಸ್ತಿಲು ದಾಟುವ ಮುನ್ನ ಫೋನಿನಲ್ಲಿ ಡೇಟಾ ರೋಮಿಂಗ್ ಮುಚ್ಚಿಡಬೇಕು. ಒಂದು ಗುಂಡಿಯ ಕೆಲಸ. ನಾನು ಮಾಡಿರಲಿಲ್ಲ.

ಆ ಎರಡು ಸಾವಿರ ನನ್ನನ್ನು ಎಷ್ಟು ಹೆದರಿಸಿತೆಂದರೆ, ನ್ಯೂಜೆರ್ಸಿಯಲ್ಲಿ ಅಳಿಯ ಅಲ್ಲಿಯ ಸಿಮ್ ತಂದುಕೊಟ್ಟ ಕೂಡಲೇ ನಮ್ಮ ಭಾರತದ ಸಿಮ್ಮನ್ನು ಕಿತ್ತು, ಕಾಗದದಲ್ಲಿ ಸುತ್ತಿ, ಪಾಸ್‌ಪೋರ್ಟಿನ ಚೀಲದಲ್ಲಿಟ್ಟುಬಿಟ್ಟೆ. ಇನ್ನು ಒಂದು ಪೈಸೆಯೂ ಸೋರದು ಎಂಬ ನೆಮ್ಮದಿ. ನನ್ನ ಫೋನಿನಲ್ಲಿ ಎರಡು ಸಿಮ್ ಹಿಡಿಯುವ ಸೌಕರ್ಯವಿತ್ತು. ಅದನ್ನು ನಾನು ನೆನೆಯಲೂ ಇಲ್ಲ. ಮೊದಲ ಪೆಟ್ಟು ಬ್ಯಾಂಕಿನಿಂದ ಬಿದ್ದಿತು. ಹಣ ಕಟ್ಟಬೇಕಾದಾಗ ಗುಟ್ಟಿನ ಅಂಕಿ ಬರುವುದು ಹಳೆಯ ನಂಬರಿಗೆ, ಹಳೆಯ ನಂಬರು ಚೀಲದಲ್ಲಿ. ಅದನ್ನು ಹೇಗೋ ಸುಧಾರಿಸಿದೆವು. ಪ್ರೀಪೇಯ್ಡ್ ನಂಬರಿನವರಿಗೆ ಇನ್ನೊಂದು ಅಪಾಯವಿದೆ: ತೊಂಬತ್ತು ದಿನ ಬಳಸದೆ ಬಿಟ್ಟರೆ ಕಂಪನಿ ನಂಬರನ್ನು ನಿಲ್ಲಿಸಿ, ಮುಂದೆ ಬೇರೆಯವರಿಗೆ ಕೊಟ್ಟುಬಿಡಬಹುದು. ಖಾತೆಯಲ್ಲಿ ಕನಿಷ್ಠ ಇಪ್ಪತ್ತು ರೂಪಾಯಿ ಇದ್ದರೆ ಅದನ್ನು ಮುರಿದುಕೊಂಡು ನಂಬರನ್ನು ಉಳಿಸಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ೨೦೧೩ರಲ್ಲಿ ನಿಯಮ ಮಾಡಿತು. ಆರು ತಿಂಗಳಿಗೆಂದು ಹೋಗುವ ತಂದೆತಾಯಿಗಳು ಇದನ್ನು ಮರೆಯಬಾರದು. ಬ್ಯಾಂಕು, ಆಧಾರ್ ಎಲ್ಲವೂ ಆ ನಂಬರಿಗೇ ಗಂಟುಬಿದ್ದಿರುತ್ತವೆ.

ಹೊಸ ಸಿಮ್ಮಿನಿಂದ ಅವ್ವನಿಗೆ ಕರೆ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮರುದಿನ ಮತ್ತೆ ಮಾಡಿದೆ, ಎತ್ತಲಿಲ್ಲ. ಮೂರನೆಯ ದಿನ ಕರೆ ಕತ್ತರಿಸಿದಳು. ಆಗ ನನಗೆ ಹೊಳೆಯಿತು. ಗುರುತಿಲ್ಲದ ನಂಬರು ಬಂದರೆ ಎತ್ತಬೇಡ, ಮೋಸ ಮಾಡುವವರಿರುತ್ತಾರೆ ಎಂದು ಅವಳಿಗೆ ಹೇಳಿಕೊಟ್ಟವನು ನಾನೇ. ಅಂಕಿಯನ್ನು ಓದಲಾರದಿದ್ದರೂ ನನ್ನ ಕರೆ ಬಂದಾಗ ತೆರೆಯ ಮೇಲೆ ನನ್ನ ಚಿತ್ರ ಕಾಣುವುದೆಂದು ಅವಳು ಬಲ್ಲಳು. ಚಿತ್ರವಿಲ್ಲದ ಕರೆ ಕಳ್ಳನದು. ನನ್ನ ಪಾಠವನ್ನು ಅವಳು ನನಗಿಂತ ಚೆನ್ನಾಗಿ ಕಲಿತಿದ್ದಳು. ಕೊನೆಗೆ ಪಕ್ಕದ ಮನೆಯ ಹುಡುಗನಿಗೆ ವಾಟ್ಸಾಪಿನಲ್ಲಿ ತಿಳಿಸಿ, ಅವನು ಅವಳ ಎದುರು ಕುಳಿತು ಎತ್ತಿಸಿದ. “ಮುಟ್ಟಿ ಮೂರು ದಿನಾತು, ಈಗ ಹೇಳ್ತಿಯಲ್ಲ” ಎಂದಳು. ಅಲ್ಲಿಂದ ಮುಂದೆ ವಾರಕ್ಕೆ ಎರಡು ಸಲ ನಾನೇ ಮಾಡುತ್ತಿದ್ದೆ. ಎಲ್ಲವೂ ಸರಿಹೋಯಿತೆಂದು ತಿಳಿದೆ. ನಾನು ಅವಳಿಗೆ ಮಾಡುವ ದಾರಿ ಸರಿಹೋಗಿತ್ತು. ಅವಳು ನನಗೆ ಮಾಡುವ ದಾರಿ ಕಾಗದದಲ್ಲಿ ಸುತ್ತಿಕೊಂಡು ಪಾಸ್‌ಪೋರ್ಟಿನ ಚೀಲದಲ್ಲಿತ್ತು.

ಕಾರಹುಣ್ಣಿಮೆ ಕಳೆದು ನಾಲ್ಕೈದು ದಿನಗಳಾಗಿದ್ದವು. ನಡುರಾತ್ರಿ ಹಿತ್ತಲಿಗೆ ಹೋಗಿ ಬರುವಾಗ ಅವ್ವ ಹೊಸ್ತಿಲಲ್ಲಿ ಎಡವಿ ಬಿದ್ದಳು. ಏಳಲಾಗಲಿಲ್ಲ. ಪಕ್ಕದ ಮನೆಯವರು ಆ ದಿನ ಊರಲ್ಲಿರಲಿಲ್ಲ. ಚಂಚಿ ಸೊಂಟದಲ್ಲಿಯೇ ಇತ್ತು. ಫೋನು ತೆಗೆದು ಕತ್ತಲೆಯಲ್ಲಿ ತಡವಿ ಎರಡರ ಗುಂಡಿಯನ್ನು ಒತ್ತಿ ಹಿಡಿದಳು. ಬೆಳಗಿನ ಜಾವ ಹಾಲು ತರುವ ಹೆಣ್ಣುಮಗಳು ಬಾಗಿಲು ತಟ್ಟುವವರೆಗೆ ಹಾಗೆಯೇ ಬಿದ್ದಿದ್ದಳು. ಗದಗಿಗೆ ಕರೆತಂದರು, ತೊಡೆಯ ಮೇಲ್ಗಡೆಯ ಎಲುಬು ಮುರಿದಿತ್ತು. ಬಾಗಲಕೋಟೆಯಿಂದ ತಂಗಿ ಬಂದು ಶಸ್ತ್ರಕ್ರಿಯೆ ಮಾಡಿಸಿದಳು. ನನಗೆ ಸುದ್ದಿ ತಿಳಿದದ್ದು ಅವಳಿಂದ.

ಆಗಸ್ಟಿನಲ್ಲಿ ನಾವು ತಿರುಗಿ ಬಂದಾಗ ಅವ್ವ ನಾಲ್ಕು ಕಾಲಿನ ಊರುಗೋಲು ಹಿಡಿದು ಪಡಸಾಲೆಯವರೆಗೆ ನಡೆಯುತ್ತಿದ್ದಳು. ಆ ರಾತ್ರಿಯ ವಿಷಯವನ್ನು ನಾನಾಗಿ ಕೇಳಿದೆ. “ಮೂರು ಸಲ ಒತ್ತಿದೆನಪಾ,” ಎಂದಳು. “ಆ ಹುಡುಗಿ ಬರೇ ಬಂದ್ ಐತಿ, ಬಂದ್ ಐತಿ ಅಂದ್ಳು. ಅಲ್ಲೂ ರಾತ್ರಿ ಇರಬೇಕು, ಮಲಗಿರಬೇಕು ಅಂತ ಸುಮ್ಮನಾದೆ.” ದೂರಿನ ದನಿ ಅದಾಗಿರಲಿಲ್ಲ. ಅಸೂಟಿಯಲ್ಲಿ ರಾತ್ರಿ ಎರಡು ಗಂಟೆಯಾದಾಗ ಬೇಸಗೆಯ ನ್ಯೂಜೆರ್ಸಿಯಲ್ಲಿ ಹಿಂದಿನ ದಿನದ ಸಂಜೆಯ ನಾಲ್ಕೂವರೆ. ನಾನು ಆ ಹೊತ್ತಿಗೆ ಮೊಮ್ಮಗಳನ್ನು ಗಾಡಿಯಲ್ಲಿ ಮಲಗಿಸಿಕೊಂಡು, ಬೇರೆ ಕೆಲಸವಿಲ್ಲದೆ, ಮನೆಯ ಮುಂದಿನ ದಾರಿಯಲ್ಲಿ ತಿರುಗುತ್ತಿರುತ್ತಿದ್ದೆ. ಫೋನು ಅಂಗಿಯ ಜೇಬಿನಲ್ಲಿಯೇ ಇರುತ್ತಿತ್ತು. ಆ ಕರೆ ಬಂದಿದ್ದರೆ ಐದು ನಿಮಿಷದಲ್ಲಿ ಊರಿನ ನಾಲ್ಕು ಮನೆ ಎಬ್ಬಿಸುತ್ತಿದ್ದೆ. ಮೂರು ತಿಂಗಳು ಆ ನಂಬರನ್ನು ಜೀವಂತವಾಗಿಡುವುದರಲ್ಲಿ ನಾನು ಉಳಿಸಿದ ಹಣ ಒಂದು ಚೀಲ ಕಡಲೆಯ ಬೆಲೆಯನ್ನೂ ಮುಟ್ಟುತ್ತಿರಲಿಲ್ಲ.

ಅಗ್ಗ ಎಂಬ ಮಾತನ್ನು ನಾನು ಒಂದೇ ತುದಿಯಿಂದ ಲೆಕ್ಕ ಹಾಕಿದ್ದೆ. ಹೋಗುವವನಿಗೆ ಅಗ್ಗವಾದದ್ದು ಉಳಿಯುವವರಿಗೆ ಬಲು ತುಟ್ಟಿಯಾಗಬಹುದು. ಈಗ ಯಾರಾದರೂ ಪರದೇಶಕ್ಕೆ ಹೊರಟು ಯಾವ ಸಿಮ್ ಒಳ್ಳೆಯದೆಂದು ನನ್ನನ್ನು ಕೇಳಿದರೆ ನಾನು ದರವನ್ನು ಮೊದಲು ಹೇಳುವುದಿಲ್ಲ. ನಿಮ್ಮನ್ನು ನಡುರಾತ್ರಿಯಲ್ಲಿ ಕರೆಯಬಹುದಾದವರು ಯಾರು, ಅವರ ಕೈಯಲ್ಲಿರುವ ಫೋನು ಎಂಥದು, ಅವರಿಗೆ ಒತ್ತಲು ಬರುವ ಗುಂಡಿ ಯಾವುದು ಎಂದು ಕೇಳುತ್ತೇನೆ.

ಹೋಗುವ ದೇಶವನ್ನು ನೋಡಿಯೂ ಲೆಕ್ಕ ಬದಲಾಗುತ್ತದೆ. ಯುರೋಪಿನ ಒಕ್ಕೂಟದಲ್ಲಿ ೨೦೧೭ರ ಜೂನ್ ೧೫ರಿಂದ ಒಂದು ದೇಶದ ಸಿಮ್ ಉಳಿದ ಸದಸ್ಯ ದೇಶಗಳಲ್ಲಿಯೂ ಮನೆಯ ದರದಲ್ಲಿಯೇ ನಡೆಯುತ್ತದೆ. ಒಕ್ಕೂಟ ಬಿಟ್ಟ ಬ್ರಿಟನ್ನಿಗೆ ಆ ನಿಯಮ ಕಡ್ಡಾಯವಲ್ಲ. ದುಬೈಗೆ ಹೋಗುವವರು ವಾಟ್ಸಾಪಿನ ಕರೆಯನ್ನೇ ನೆಚ್ಚಿಕೊಂಡರೆ ಕಷ್ಟ. ಬರೆದದ್ದು ಹೋಗುತ್ತದೆ, ಚಿತ್ರ ಹೋಗುತ್ತದೆ, ಮಾತಿಗೆ ಅಲ್ಲಿ ನಿರ್ಬಂಧವಿದೆ. ಚೀನದಲ್ಲಿ ವಾಟ್ಸಾಪಿಗೇ ತಡೆ. ಅಲ್ಲಿ ನಮ್ಮ ಸಿಮ್ಮಿನ ರೋಮಿಂಗ್ ಡೇಟಾ ಸಾಮಾನ್ಯವಾಗಿ ನಮ್ಮ ಕಂಪನಿಯ ಮೂಲಕವೇ ಸುತ್ತಿ ಬರುವುದರಿಂದ ತುಟ್ಟಿಯಾದರೂ ಉಪಯೋಗಕ್ಕೆ ಬೀಳುತ್ತದೆ. ಅಮೆರಿಕದ ದೊಡ್ಡ ಕಂಪನಿಗಳು ೨೦೨೨ರಲ್ಲಿ ಮೂರನೆಯ ಪೀಳಿಗೆಯ ಜಾಲಗಳನ್ನು ಮುಚ್ಚಿದ್ದರಿಂದ ಹಳೆಯ ಫೋನನ್ನು ಒಯ್ದು ಪ್ರಯೋಜನವಿಲ್ಲ. ಮಕ್ಕಳು ಪ್ರೀತಿಯಿಂದ ಕೊಡಿಸುವ ಅಲ್ಲಿಯ ಐಫೋನಿನ ವಿಷಯದಲ್ಲಿಯೂ ಒಂದು ಮಾತು: ೨೦೨೨ರ ಹದಿನಾಲ್ಕನೆಯ ಮಾದರಿಯಿಂದ ಅಮೆರಿಕದಲ್ಲಿ ಮಾರುವವುಗಳಿಗೆ ಸಿಮ್ ಹಾಕುವ ಜಾಗವೇ ಇಲ್ಲ. ಅದನ್ನು ಊರಿಗೆ ತಂದ ಮೇಲೆ ಇಲ್ಲಿಯೂ ಇ-ಸಿಮ್ಮನ್ನೇ ಮಾಡಿಸಬೇಕು.

೨೦೨೫ರಲ್ಲಿ ನಾವು ಮತ್ತೆ ಹೊರಟಾಗ ಏರ್ಪಾಟು ಬೇರೆಯಾಗಿತ್ತು. ನಮ್ಮ ಸಿಮ್ ಒಂದು ಮನೆಯಲ್ಲಿ, ಅಲ್ಲಿಯ ಸಿಮ್ ಇನ್ನೊಂದು ಮನೆಯಲ್ಲಿ. ನಮ್ಮದರ ಡೇಟಾ ಮುಚ್ಚಿತ್ತು, ಕರೆ ತೆರೆದಿತ್ತು. ಜೊತೆಗೆ ನಡುದಾರಿಯ ದೇಶವೂ ಸೇರಿದ ಒಂದು ಸಣ್ಣ ಪ್ಯಾಕು. ಎತ್ತದ ಕರೆ ಬೇರೆಡೆಗೆ ತಿರುಗುವ ವ್ಯವಸ್ಥೆಯನ್ನು ತೆಗೆಸಿದ್ದೆ. ಅದಿದ್ದರೆ ಎತ್ತದಿದ್ದರೂ ಹಣ ಬೀಳುವುದುಂಟು. ಮತ್ತೆ ನಮ್ಮ ದೇಶದ ಜನ ಬಲ್ಲ ಮಿಸ್ಡ್ ಕಾಲಿನ ವಿದ್ಯೆ. ಅವ್ವ ಎರಡರ ಗುಂಡಿ ಒತ್ತಬೇಕು, ಎರಡು ರಿಂಗಾದ ಮೇಲೆ ಇಡಬೇಕು. ಎತ್ತದ ಕರೆಗೆ ಯಾರಿಗೂ ಖರ್ಚಿಲ್ಲ. ಭಾರತಕ್ಕೆ ಮಾತನಾಡುವ ಅನುಕೂಲವಿದ್ದ ಅಲ್ಲಿಯ ನಂಬರಿನಿಂದ ನಾನು ತಿರುಗಿ ಮಾಡುತ್ತೇನೆ. ಅವಸರವಿದ್ದರೆ ಇಡದೆ ಹಿಡಿದೇ ಇರಬೇಕು, ನಾನು ಎತ್ತುತ್ತೇನೆ, ಎಷ್ಟಾದರೂ ಆಗಲಿ. ಅಲ್ಲಿಯ ನಂಬರಿಗೂ ಪಕ್ಕದ ಮನೆಯ ಹುಡುಗ ನನ್ನ ಚಿತ್ರವನ್ನು ಕೂಡಿಸಿದ. ಹೊರಡುವ ಮುನ್ನ ಗದಗಿನಿಂದಲೇ ನಾಲ್ಕು ದಿನ ತಾಲೀಮು ಮಾಡಿದೆವು. ಮೊದಲ ದಿನ ಅವ್ವ ಇಡುವುದನ್ನು ಮರೆತಳು, ನಾನು ಎತ್ತುವುದನ್ನು ತಡೆಯಲಾರದೆ ಹೋದೆ.

ನ್ಯೂವಾರ್ಕ್ ನಿಲ್ದಾಣದಲ್ಲಿ ಇಳಿದು, ಪಾಸ್‌ಪೋರ್ಟು ತೋರಿಸುವ ಸಾಲಿನಲ್ಲಿ ನಿಂತಾಗ ಫೋನು ತೆರೆದೆ. ಜಾಲವನ್ನು ಹುಡುಕಿ ಹಿಡಿದು ಒಂದು ನಿಮಿಷವೂ ಆಗಿರಲಿಲ್ಲ, ರಿಂಗಾಯಿತು. ಎರಡು ಸಲ, ಸರಿಯಾಗಿ ಎರಡೇ ಸಲ, ನಿಂತಿತು. ವಿಮಾನ ಇಳಿಯುವ ಹೊತ್ತನ್ನು ಅವಳು ಆ ಹುಡುಗನಿಂದ ಕೇಳಿಟ್ಟುಕೊಂಡಿದ್ದಳಂತೆ. ಸಾಲಿನಿಂದ ಹೊರಬಿದ್ದ ಮೇಲೆ ಹಳೆಯ ಸಿಮ್ಮನ್ನು ಹುಡುಕುವ ಕೆಲಸವಿರಲಿಲ್ಲ. ತಿರುಗಿ ಮಾಡಿದೆ.

“ಮುಟ್ಟಿದೇನಪಾ?”

“ಮುಟ್ಟಿದೆ ಅವ್ವಾ.”

“ಹಂಗಾರ ಇಡು. ರೊಕ್ಕ ಆಗ್ತಾವ.”